ಗೂಟದಿಂದ ಮಹಜರಿನವರೆಗೆ: ನಮ್ಮ ಹೊಲದಡಿ ಹಾದ ಅನಿಲ ಕೊಳವೆ

ಆರು ವರ್ಷಗಳ ಹಿಂದೆ, ರಾಗಿಯ ಕೂಳೆ ಇನ್ನೂ ಹೊಲದಲ್ಲಿರುವಾಗಲೇ, ತುದಿಗೆ ಕೆಂಪು ಬಣ್ಣ ಹಚ್ಚಿದ ಹನ್ನೊಂದು ಮರದ ಗೂಟಗಳು ನಮ್ಮ ಜಮೀನಿನ ಈಶಾನ್ಯ ಮೂಲೆಯಿಂದ ನೈಋತ್ಯದ ಕಡೆಗೆ ಓರೆಯಾಗಿ ಸಾಲುಗಟ್ಟಿ ನಿಂತಿದ್ದನ್ನು ಮೊದಲು ಕಂಡವರು ಅಪ್ಪ. ಆ ಸಾಲು ಮೇಲಿನ ಹೊಲವನ್ನು ಎರಡು ತ್ರಿಕೋನಗಳಾಗಿ ಸೀಳಿ, ಕೃಷಿ ಹೊಂಡಕ್ಕೆಂದು ನಾವು ಗುರುತಿಸಿಟ್ಟಿದ್ದ ತಗ್ಗನ್ನು ಹಾದು, ಕೆಳಗಿನ ತೋಟದೊಳಕ್ಕೆ ಇಳಿದಿತ್ತು. ಗೂಟಗಳ ಎರಡೂ ಬದಿಗೆ ಹತ್ತು ಹತ್ತು ಮೀಟರ್ ಹಿಡಿದು ಎಣಿಸಿದರೆ 31 ತೆಂಗಿನ ಮರಗಳು ಆ ಪಟ್ಟಿಯೊಳಗೆ ಬೀಳುತ್ತಿದ್ದವು. ಯಾರು ನೆಟ್ಟರು, ಏಕೆ ನೆಟ್ಟರು ಎಂಬುದನ್ನು ಹೇಳುವ ಒಂದು ಚೀಟಿಯೂ ನಮ್ಮ ಕೈಗೆ ಬಂದಿರಲಿಲ್ಲ. ಪಕ್ಕದ ಹೊಲದ ಹಿರಿಯರು, ಗ್ಯಾಸಿನ ಪೈಪು ಬರುತ್ತದಂತೆ ಎಂದಷ್ಟೇ ಹೇಳಿದರು.

ಆ ದಿನದಿಂದ ಕೊಳವೆ ಮಣ್ಣಿನಡಿ ಸೇರುವವರೆಗೆ ಸುಮಾರು ಎರಡೂವರೆ ವರ್ಷ ಹಿಡಿಯಿತು. ಈ ಅವಧಿಯಲ್ಲಿ ನಾನು ಕಲಿತ ಸಂಗತಿಗಳನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಇಂಥ ಮಾತುಕತೆಗೆ ಕೂರುವ ರೈತ ಕುಟುಂಬಗಳು ಬಹುಪಾಲು ಹಣದ ವಿಷಯಕ್ಕೇ ಎಲ್ಲ ಶಕ್ತಿಯನ್ನೂ ಸುರಿಯುತ್ತವೆ. ಆದರೆ ಹಣದ ದೊಡ್ಡ ಪಾಲನ್ನು ಕಾನೂನು ಮೊದಲೇ ಒಂದು ಸೂತ್ರಕ್ಕೆ ಕಟ್ಟಿಹಾಕಿದೆ. ನಿಜವಾಗಿ ಚೌಕಾಸಿಗೆ ಉಳಿದಿರುವುದು ಕೊಳವೆಯ ದಾರಿ, ಅದರ ಆಳ, ಮಣ್ಣನ್ನು ತೆಗೆಯುವ ಮತ್ತು ತುಂಬುವ ರೀತಿ, ಹಾಗೂ ಇವೆಲ್ಲ ಯಾವ ಕಾಗದದಲ್ಲಿ ಯಾವ ಮಾತಿನಲ್ಲಿ ದಾಖಲಾಗುತ್ತವೆ ಎಂಬುದು. ಈ ಅರಿವು ನಮಗೆ ಬಂದದ್ದು ಅರ್ಧ ದಾರಿ ಕಳೆದ ಮೇಲೆ.

ಮೊದಲಿಗೆ ಕಾನೂನಿನ ವಿಷಯ. ಬೇರೆಯವರ ಜಮೀನಿನಲ್ಲಿ ನಡೆದುಹೋಗುವ ಅಥವಾ ನೀರು ಹಾಯಿಸಿಕೊಳ್ಳುವ ಹಕ್ಕು ಎಂದೊಡನೆ ನಮ್ಮ ಕಡೆಯ ವಕೀಲರು 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆಯನ್ನು ನೆನೆಯುತ್ತಾರೆ. ಆ ಕಾಯ್ದೆಯ ಪ್ರಕಾರ ಈಸ್‌ಮೆಂಟ್ ಎಂಬುದು ಒಂದು ಜಮೀನಿನ ಒಡೆಯನಿಗೆ ಅಥವಾ ಅನುಭೋಗದಾರನಿಗೆ, ಆ ಜಮೀನನ್ನು ಚೆನ್ನಾಗಿ ಅನುಭವಿಸುವ ಸಲುವಾಗಿ, ಇನ್ನೊಬ್ಬರ ಜಮೀನಿನ ಮೇಲೆ ಇರುವ ಹಕ್ಕು. ಅಂದರೆ ಹಕ್ಕು ಪಡೆಯುವ ಒಂದು ಜಮೀನು ಮತ್ತು ಹೊರೆ ಹೊರುವ ಇನ್ನೊಂದು ಜಮೀನು, ಎರಡೂ ಬೇಕು. ನೂರಾರು ಕಿಲೋಮೀಟರ್ ದೂರದಿಂದ ಬರುವ ಅನಿಲ ಕೊಳವೆಗೆ ನಮ್ಮ ಹೊಲದ ಪಕ್ಕದಲ್ಲಿ ಯಾವ ಜಮೀನೂ ಇರುವುದಿಲ್ಲ. ಅದಕ್ಕೆಂದೇ ಸಂಸತ್ತು 1962ರಲ್ಲಿ ಪೆಟ್ರೋಲಿಯಂ ಮತ್ತು ಖನಿಜ ಕೊಳವೆ ಮಾರ್ಗಗಳ, ಭೂಮಿಯಲ್ಲಿ ಬಳಕೆಯ ಹಕ್ಕನ್ನು ಸ್ವಾಧೀನಪಡಿಸಿಕೊಳ್ಳುವ ಕಾಯ್ದೆಯನ್ನು ಮಾಡಿತು. ಇದರಡಿ ಭೂಮಿ ನಮ್ಮದಾಗಿಯೇ ಉಳಿಯುತ್ತದೆ. ಅದರಡಿಯಲ್ಲಿ ಕೊಳವೆ ಹಾಕುವ, ಪರೀಕ್ಷಿಸುವ, ದುರಸ್ತಿ ಮಾಡುವ, ಬದಲಾಯಿಸುವ ಮತ್ತು ತೆಗೆಯುವ ಹಕ್ಕು ಮಾತ್ರ ಸರ್ಕಾರಕ್ಕೆ, ಅಲ್ಲಿಂದ ಕಂಪನಿಗೆ ಹೋಗುತ್ತದೆ. ಕ್ಷೇತ್ರದಲ್ಲಿ ಎಲ್ಲರೂ ಇದನ್ನು ಆರ್‌ಒಯು, ಅಂದರೆ ರೈಟ್ ಆಫ್ ಯೂಸರ್, ಎಂದೇ ಕರೆಯುತ್ತಾರೆ.

ನಾವು ಒಪ್ಪುವುದಿಲ್ಲ ಎಂದು ಕೈಕಟ್ಟಿ ಕುಳಿತರೆ ಏನಾಗುತ್ತದೆ ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ ಒಂದು ವಾರ ಚರ್ಚೆಯಾಯಿತು. ತಮಿಳುನಾಡಿನ ಪಶ್ಚಿಮ ಭಾಗದ ಏಳು ಜಿಲ್ಲೆಗಳ ರೈತರು ಕೊಚ್ಚಿಯಿಂದ ಬೆಂಗಳೂರಿನ ಕಡೆಗೆ ಬರಬೇಕಿದ್ದ ಅನಿಲ ಕೊಳವೆಯನ್ನು ಹೀಗೆಯೇ ವಿರೋಧಿಸಿದ್ದರು. ಹೊಲಗಳನ್ನು ಬಿಟ್ಟು ಹೆದ್ದಾರಿಯ ಅಂಚಿನಲ್ಲಿ ಒಯ್ಯಬೇಕೆಂದು ಅಲ್ಲಿನ ರಾಜ್ಯ ಸರ್ಕಾರವೇ 2013ರಲ್ಲಿ ನಿರ್ಧಾರ ತಳೆಯಿತು. ಆದರೆ ಮದ್ರಾಸ್ ಹೈಕೋರ್ಟ್ ಅದೇ ವರ್ಷ ಆ ನಿರ್ಧಾರವನ್ನು ರದ್ದುಪಡಿಸಿತು, 2016ರಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟಿನ ತೀರ್ಪನ್ನು ಎತ್ತಿಹಿಡಿಯಿತು. ಒಂದು ರಾಜ್ಯ ಸರ್ಕಾರದ ಕೈಯಲ್ಲೇ ಆಗದ್ದು ಐದು ಎಕರೆಯ ಕುಟುಂಬವೊಂದರಿಂದ ಆಗುತ್ತದೆ ಎಂದು ನಂಬುವುದು ನಮಗೆ ಕಷ್ಟವಾಯಿತು. ಇದನ್ನು ಹೇಳುವಾಗ ನನಗೆ ಸಂತೋಷವಿಲ್ಲ. ಒಡೆಯನ ಒಪ್ಪಿಗೆ ಇಲ್ಲದೆಯೇ ಅವನ ನೆಲದಡಿ ಶಾಶ್ವತ ಹಕ್ಕನ್ನು ಸ್ಥಾಪಿಸುವ ಕಾನೂನು, ಕನಿಷ್ಠ ಪಕ್ಷ ಅವನೊಡನೆ ಮಾತನಾಡುವ ಹಂತವನ್ನಾದರೂ ಗೂಟ ನೆಡುವುದಕ್ಕೆ ಮೊದಲು ಇಡಬೇಕಿತ್ತು ಎಂಬುದು ಇಂದಿಗೂ ನನ್ನ ಅಭಿಪ್ರಾಯ.

ಗೂಟ ಕಂಡ ಮೂರನೆಯ ದಿನ ಸರ್ವೆ ತಂಡವನ್ನು ಹುಡುಕಿಕೊಂಡು ನಾನು ಪಕ್ಕದ ಊರಿಗೆ ಹೋದೆ. ಈ ಒಂದು ಕೆಲಸವೇ ನಮಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು. ಕಾಯ್ದೆಯ 3ನೆಯ ಕಲಮಿನಡಿ ಗೆಜೆಟ್ ಅಧಿಸೂಚನೆ ಹೊರಬಿದ್ದಾಗ ಅದರಲ್ಲಿ ಗ್ರಾಮ, ಸರ್ವೆ ನಂಬರ್ ಮತ್ತು ವಿಸ್ತೀರ್ಣಗಳು ನಮೂದಾಗುತ್ತವೆ. ಆಮೇಲೆ ದಾರಿಯನ್ನು ಬೇರೆ ಸರ್ವೆ ನಂಬರಿಗೆ ಸರಿಸಬೇಕೆಂದರೆ ಹೊಸದಾಗಿ ಅಧಿಸೂಚನೆ ಹೊರಡಿಸಬೇಕಾಗುತ್ತದೆ, ಅದಕ್ಕೆ ಯಾರೂ ಸುಲಭವಾಗಿ ಒಪ್ಪುವುದಿಲ್ಲ. ಗೂಟದ ಹಂತದಲ್ಲಿ ಮಾತ್ರ ಆ ಗೆರೆ ಇನ್ನೂ ಹಸಿಯಾಗಿರುತ್ತದೆ. ಸರ್ವೆ ಮಾಡುತ್ತಿದ್ದ ಯುವ ಎಂಜಿನಿಯರ್ ಒಳ್ಳೆಯ ಮನುಷ್ಯ. ನಕ್ಷೆಯನ್ನು ಬಿಡಿಸಿ ತೋರಿಸಿ, "ನೋಡಿ ಸಾರ್, ಈ ಪೈಪು ದಾರದ ಹಾಗೆ ಮಡಿಯೋದಿಲ್ಲ. ನಿಮ್ಮ ಹೊಲದಲ್ಲಿ ಬಾಗಿಸಬೇಕಾದರೆ ಹಿಂದಿನ ಮೂರು ಹೊಲದಿಂದಲೇ ಬಾಗಿಸಿಕೊಂಡು ಬರಬೇಕು" ಎಂದು ತಿಳಿಯಹೇಳಿದರು. ಆ ಮಾತಿನ ಅರ್ಥ ಸ್ಪಷ್ಟವಿತ್ತು: ನಾನೊಬ್ಬನೇ ಕೇಳಿದರೆ ಆಗದು, ಮೇಲಿನ ಮತ್ತು ಕೆಳಗಿನ ಹೊಲದವರೂ ಒಟ್ಟಾಗಿ ಕೇಳಬೇಕು.

ಆ ವಾರ ಸಂಜೆ ಹೊತ್ತು ಐದು ಮನೆಗಳಿಗೆ ಹೋಗಿ ಮಾತನಾಡಿದೆವು. ಇಬ್ಬರು ಒಪ್ಪಲಿಲ್ಲ; ಗೆರೆ ಪಶ್ಚಿಮಕ್ಕೆ ಸರಿದರೆ ತಮ್ಮ ಹೊಲದಲ್ಲಿ ಹೆಚ್ಚು ಜಾಗ ಹೋಗುತ್ತದೆ ಎಂಬ ಅವರ ಆತಂಕ ನ್ಯಾಯವಾದದ್ದೇ ಆಗಿತ್ತು. ಉಳಿದ ಮೂವರು ಮತ್ತು ನಾವು ಸೇರಿ ಒಂದು ಮನವಿ ಬರೆದೆವು. ಬೇಡ ಎನ್ನುವ ಮನವಿಯಾಗಿ ಅದನ್ನು ಬರೆಯಲಿಲ್ಲ. ಗೆರೆಯನ್ನು ಓರೆಯಾಗಿ ಒಯ್ಯುವ ಬದಲು ಪಶ್ಚಿಮದ ಬದುವಿಗೆ ಸಮಾನಾಂತರವಾಗಿ ಒಯ್ದರೆ ಎಷ್ಟು ಮರ ಉಳಿಯುತ್ತದೆ, ಎಷ್ಟು ಹೊಲ ತುಂಡಾಗದೆ ಉಳಿಯುತ್ತದೆ, ಅದರಿಂದ ಕೊಡಬೇಕಾದ ಪರಿಹಾರ ಎಷ್ಟು ತಗ್ಗುತ್ತದೆ ಎಂಬುದನ್ನು ನಕ್ಷೆಯ ಮೇಲೆ ಗುರುತು ಮಾಡಿ ಕೊಟ್ಟೆವು. ಅವರಿಗೂ ಲಾಭವಿರುವ ಬೇಡಿಕೆಯನ್ನು ಅವರ ಭಾಷೆಯಲ್ಲೇ ಇಟ್ಟಿದ್ದು ಕೆಲಸ ಮಾಡಿತು. ಅಧಿಸೂಚನೆ ಬಂದಾಗ ಗೆರೆ ಪೂರ್ತಿಯಾಗಿ ಬದುವಿಗೆ ಹೋಗಿರಲಿಲ್ಲ, ಆದರೆ ಅರ್ಧದಷ್ಟು ಸರಿದಿತ್ತು. 31 ಮರಗಳ ಬದಲು 9 ಮರಗಳು ಪಟ್ಟಿಯೊಳಗೆ ಉಳಿದವು.

ಹೊಂಡದ ತಗ್ಗು ಮಾತ್ರ ಆಗಲೂ ಪಟ್ಟಿಯೊಳಗೇ ಇತ್ತು. ಇದು ಸಣ್ಣ ವಿಷಯವಲ್ಲ. ಕಾಯ್ದೆಯ 9ನೆಯ ಕಲಮಿನಂತೆ, ಅಧಿಸೂಚನೆಗೆ ಮುನ್ನ ಯಾವ ಕೆಲಸಕ್ಕೆ ಭೂಮಿಯನ್ನು ಬಳಸುತ್ತಿದ್ದೆವೋ ಅದೇ ಕೆಲಸಕ್ಕೆ ಮುಂದೆಯೂ ಬಳಸಬಹುದು, ಉಳಬಹುದು, ಬಿತ್ತಬಹುದು. ಆದರೆ ಆ ಪಟ್ಟಿಯಲ್ಲಿ ಕಟ್ಟಡ ಕಟ್ಟುವಂತಿಲ್ಲ, ಕೆರೆ, ಬಾವಿ, ಜಲಾಶಯ, ಅಣೆ ಯಾವುದನ್ನೂ ತೋಡುವಂತಿಲ್ಲ, ಕಟ್ಟುವಂತಿಲ್ಲ, ಮರ ನೆಡುವಂತಿಲ್ಲ. ಮಳೆಯಾಶ್ರಿತ ಹೊಲದಲ್ಲಿ ನೀರು ತಾನಾಗಿ ಬಂದು ನಿಲ್ಲುವ ತಗ್ಗು ಒಂದೇ ಇರುತ್ತದೆ. ಅದನ್ನು ಕಳೆದುಕೊಂಡ ಮೇಲೆ ಹೊಂಡವನ್ನು ದಿಬ್ಬದ ಮೇಲೆ ತೋಡಲಾಗುವುದಿಲ್ಲ.

ಆದ್ದರಿಂದ ಆಕ್ಷೇಪಣೆ ಸಲ್ಲಿಸಿದೆವು. ಗೆಜೆಟ್ ಪ್ರತಿಗಳು ಸಾರ್ವಜನಿಕರಿಗೆ ದೊರೆತ ದಿನದಿಂದ 21 ದಿನಗಳೊಳಗೆ ಸಕ್ಷಮ ಪ್ರಾಧಿಕಾರಿಗೆ, ಅಂದರೆ ಈ ಕಾಯ್ದೆಯ ಕೆಲಸಕ್ಕೆಂದು ಸರ್ಕಾರ ನೇಮಿಸಿದ ಅಧಿಕಾರಿಗೆ, ಲಿಖಿತವಾಗಿ, ಕಾರಣಗಳೊಂದಿಗೆ ಸಲ್ಲಿಸಬೇಕು. ಅವರು ನಮ್ಮನ್ನು, ಅಥವಾ ನಮ್ಮ ವಕೀಲರನ್ನು, ಖುದ್ದಾಗಿ ಕೇಳಿ ಆದೇಶ ಮಾಡಬೇಕು. ಆ ಆದೇಶವೇ ಅಂತಿಮ. 21 ದಿನ ಎಂಬುದು ಹಳ್ಳಿಯ ಲೆಕ್ಕದಲ್ಲಿ ಬಹಳ ಕಡಿಮೆ. ಪಂಚಾಯಿತಿಯ ಗೋಡೆಗೆ ಅಂಟಿಸಿದ ಕಾಗದವನ್ನು ಯಾರಾದರೂ ಓದಿ ಹೇಳುವಷ್ಟರಲ್ಲಿ ಒಂದು ವಾರ ಕಳೆದಿರುತ್ತದೆ. ನಮ್ಮ ಆಕ್ಷೇಪಣೆಯನ್ನು ಹದಿನೇಳನೆಯ ದಿನ ಕೊಟ್ಟು, ನಕಲಿನ ಮೇಲೆ ಮೊಹರು ಮತ್ತು ದಿನಾಂಕದೊಡನೆ ಸ್ವೀಕೃತಿ ಬರೆಸಿಕೊಂಡೆವು.

ವಿಚಾರಣೆಯ ದಿನ ಒಳಗೆ ಹೋದ ನಮ್ಮ ಊರಿನ ಹದಿನಾಲ್ಕು ಜನರಲ್ಲಿ ಹೆಚ್ಚಿನವರು ತಮ್ಮ ಪೂರ್ವಜರ ಭೂಮಿಯ ಬಗ್ಗೆ, ಅನ್ಯಾಯದ ಬಗ್ಗೆ ಮಾತನಾಡಿದರು. ಅವರ ನೋವು ನಿಜ. ಆದರೆ ಆದೇಶ ಬರೆಯುವ ಅಧಿಕಾರಿಗೆ ಅದರಿಂದ ಬರೆಯಲು ಏನೂ ಸಿಗುವುದಿಲ್ಲ. ನಾವು ತಗ್ಗಿನ ಫೋಟೋಗಳನ್ನು, ಕೃಷಿ ಹೊಂಡಕ್ಕೆ ಹಿಂದಿನ ವರ್ಷವೇ ಕೊಟ್ಟಿದ್ದ ಅರ್ಜಿಯ ನಕಲನ್ನು, ಮತ್ತು ಗೆರೆಯನ್ನು ಇನ್ನೂ ಹನ್ನೆರಡು ಮೀಟರ್ ಸರಿಸಿದರೂ ಅದೇ ಸರ್ವೆ ನಂಬರಿನೊಳಗೇ ಉಳಿಯುತ್ತದೆ ಎಂಬುದನ್ನು ತೋರಿಸುವ ನಕ್ಷೆಯನ್ನು ಮುಂದಿಟ್ಟೆವು. ಅಧಿಕಾರಿಗಳು ಕಂಪನಿಯ ಎಂಜಿನಿಯರರನ್ನು ಕರೆಸಿ ಕೇಳಿದರು. ಹೊಂಡದ ಜಾಗ ಉಳಿಯಿತು. ನಮ್ಮ ಪಕ್ಕದ ಹೊಲದವರ ಬಾವಿ ಉಳಿಯಲಿಲ್ಲ. ಅವರ ಬೇಡಿಕೆ ನಮ್ಮದಕ್ಕಿಂತ ಹೆಚ್ಚು ನ್ಯಾಯವಾಗಿತ್ತು, ಆದರೆ ಕಾಗದವಿರಲಿಲ್ಲ. ಇದು ನನ್ನನ್ನು ಇಂದಿಗೂ ಕೊರೆಯುತ್ತದೆ.

ಆಳದ ವಿಷಯಕ್ಕೆ ಬರುತ್ತೇನೆ. ನೆಲಮಟ್ಟದಿಂದ ಒಂದು ಮೀಟರಿಗಿಂತ ಕಡಿಮೆ ಆಳದಲ್ಲಿ ಕೊಳವೆ ಹಾಕುವಂತಿಲ್ಲ ಎಂದು ಕಾಯ್ದೆ ಹೇಳುತ್ತದೆ. ಸಾಮಾನ್ಯ ನೇಗಿಲಿಗೂ ಟ್ರ್ಯಾಕ್ಟರಿನ ಆಳ ಉಳುಮೆಗೂ ಇಷ್ಟು ಸಾಕು. ಆದರೆ ಯಾವ ದಿನದ ನೆಲಮಟ್ಟ ಎಂಬ ಪ್ರಶ್ನೆಯನ್ನು ಹೊಲದವರೇ ಕೇಳಬೇಕು. ನಮ್ಮ ಮೇಲಿನ ಹೊಲದಲ್ಲಿ ಒಂದು ಉಬ್ಬು ಇದೆ. ಅದನ್ನು ತೆಗೆದು ಸಮತಟ್ಟು ಮಾಡಬೇಕೆಂಬ ಯೋಚನೆ ಅಪ್ಪನಿಗೆ ಬಹಳ ಕಾಲದಿಂದ ಇತ್ತು. ಉಬ್ಬಿನ ಮೇಲಿಂದ ಒಂದು ಮೀಟರ್ ಅಳೆದು ಹಾಕಿದರೆ, ಸಮತಟ್ಟು ಮಾಡಿದ ದಿನ ಕೊಳವೆಯ ಮೇಲೆ ಅರ್ಧ ಮೀಟರ್ ಮಣ್ಣು ಮಾತ್ರ ಉಳಿಯುತ್ತಿತ್ತು, ಅಂದರೆ ಸಮತಟ್ಟು ಮಾಡುವುದೇ ಶಾಶ್ವತವಾಗಿ ನಿಂತುಹೋಗುತ್ತಿತ್ತು. ಹಳ್ಳದ ದಂಡೆಯ ಕಡೆ ಇದಕ್ಕೆ ವಿರುದ್ಧವಾದ ತೊಂದರೆ: ಅಲ್ಲಿ ಪ್ರತಿ ಮಳೆಗಾಲವೂ ಮಣ್ಣು ಕೊಚ್ಚಿ ಹೋಗುತ್ತದೆ. ಈ ಎರಡೂ ಕಡೆ, ಒಟ್ಟು 60 ಮೀಟರ್ ಉದ್ದಕ್ಕೆ, ಒಂದೂವರೆ ಮೀಟರ್ ಆಳಕ್ಕೆ ಒಪ್ಪಿಸಿಕೊಂಡೆವು. ಗುತ್ತಿಗೆದಾರರ ಮೇಲ್ವಿಚಾರಕರು ಮೊದಲು ಬಾಯಿಮಾತಿನಲ್ಲಿ ಒಪ್ಪಿದ್ದರು. ಅದನ್ನು ಮಹಜರಿನಲ್ಲಿ ಬರೆಯಿರಿ ಎಂದಾಗ ಹಿಂಜರಿದರು, ಮೂರು ದಿನ ಬಿಟ್ಟು ಅನುಮತಿ ಪಡೆದುಕೊಂಡು ಬಂದು ಬರೆದರು. ಆ ಹಿಂಜರಿಕೆಯೇ ಬಾಯಿಮಾತಿಗೂ ಬರಹಕ್ಕೂ ಇರುವ ಅಂತರವನ್ನು ನನಗೆ ಕಲಿಸಿತು.

ಮಹಜರಿನ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯಬೇಕು, ಏಕೆಂದರೆ ಇಡೀ ವ್ಯವಹಾರದ ತಿರುಳು ಇದೇ. ಅಗೆಯುವುದಕ್ಕೆ ಮುನ್ನ ಪಟ್ಟಿಯಲ್ಲಿ ಏನೇನಿದೆ ಎಂಬುದನ್ನು ಪಂಚರ ಸಮ್ಮುಖದಲ್ಲಿ ಬರೆದು, ಎಲ್ಲರ ಸಹಿ ಪಡೆಯುತ್ತಾರೆ. ಮುಂದೆ ಪರಿಹಾರದ ಎಲ್ಲ ಲೆಕ್ಕವೂ ಈ ಒಂದು ಹಾಳೆಯಿಂದ ಹೊರಡುತ್ತದೆ. ತೆಂಗು ಮುಂತಾದ ತೋಟದ ಬೆಳೆಗೆ ತೋಟಗಾರಿಕೆ ಇಲಾಖೆ, ಹೊಲದ ಬೆಳೆಗೆ ಕೃಷಿ ಇಲಾಖೆ, ಕಾಡುಜಾತಿಯ ಮರಗಳಿಗೆ ಅರಣ್ಯ ಇಲಾಖೆ ಬೆಲೆ ಕಟ್ಟಿಕೊಟ್ಟರೂ, ಅವರು ಬೆಲೆ ಕಟ್ಟುವುದು ಮಹಜರಿನಲ್ಲಿ ಬರೆದದ್ದಕ್ಕೆ ಮಾತ್ರ. ನಮ್ಮ ಊರಿನಲ್ಲಿ ಹಲವರ ಮಹಜರುಗಳಲ್ಲಿ "ತೆಂಗಿನ ಮರ 6, ರಾಗಿ ಬೆಳೆ" ಎಂದಿಷ್ಟೇ ಇತ್ತು. ಮರದ ವಯಸ್ಸು ಇರಲಿಲ್ಲ. ಹತ್ತು ವರ್ಷದ ಮರಕ್ಕೆ ಮುಂದೆ ಅರ್ಧ ಶತಮಾನದ ಫಸಲು ಬಾಕಿ ಇರುತ್ತದೆ, ಅರವತ್ತು ದಾಟಿದ ಮರಕ್ಕೆ ಇರುವುದಿಲ್ಲ. ಎರಡನ್ನೂ ಒಂದೇ ಸಾಲಿನಲ್ಲಿ ಬರೆದರೆ ನಷ್ಟ ಯಾರಿಗೆ ಎಂದು ಬಿಡಿಸಿ ಹೇಳಬೇಕಿಲ್ಲ. ರಾಗಿಯ ಜೊತೆ ಅಕ್ಕಡಿ ಸಾಲಿನಲ್ಲಿ ಬಿತ್ತಿದ್ದ ಅವರೆ, ತೊಗರಿ, ಹುಚ್ಚೆಳ್ಳು ಯಾವುದೂ ನಮೂದಾಗಿರಲಿಲ್ಲ. ಬರೆಯಲು ಬಂದವರಿಗೆ ಅದೆಲ್ಲ ರಾಗಿ ಹೊಲವೇ ಆಗಿ ಕಂಡಿತ್ತು.

ನಾವು ಹಿಂದಿನ ರಾತ್ರಿಯೇ ಕುಳಿತು ಪಟ್ಟಿ ಮಾಡಿದ್ದೆವು. ಪ್ರತಿ ತೆಂಗಿನ ಮರಕ್ಕೂ ಸುಣ್ಣದಲ್ಲಿ ಸಂಖ್ಯೆ ಬರೆದು, ಅಪ್ಪನ ನೆನಪಿನಿಂದ ನೆಟ್ಟ ವರ್ಷವನ್ನು ಗುರುತಿಸಿ, ಹಿಂದಿನ ದಿನದ ಪತ್ರಿಕೆಯನ್ನು ಮರಕ್ಕೆ ಒರಗಿಸಿ ಫೋಟೋ ತೆಗೆದೆವು. ಹನಿ ನೀರಾವರಿಯ ಮುಖ್ಯ ಕೊಳವೆ ಎಲ್ಲಿ ಎಷ್ಟು ಆಳದಲ್ಲಿ ಹಾದಿದೆ, ಕಲ್ಲಿನ ಬದು ಎಷ್ಟು ಉದ್ದ, ಬೇಲಿಯ ಕಂಬ ಎಷ್ಟು, ಮಳೆನೀರು ಯಾವ ಕಡೆಯಿಂದ ಬಂದು ಯಾವ ಕಡೆಗೆ ಹೋಗುತ್ತದೆ, ಮೇಲ್ಮಣ್ಣು ಎಷ್ಟು ದಪ್ಪ ಇದೆ, ಇವೆಲ್ಲವೂ ಪಟ್ಟಿಯಲ್ಲಿದ್ದವು. ಮೇಲ್ಮಣ್ಣಿನ ದಪ್ಪವನ್ನು ತೋರಿಸಲು ಮೂರು ಕಡೆ ಮೊಣಕಾಲುದ್ದದ ಗುಂಡಿ ತೋಡಿ ಇಟ್ಟಿದ್ದೆವು. ಕೆಂಪು ಮಣ್ಣು ಮುಗಿದು ಬಿಳಿ ಗರಸು ಶುರುವಾಗುವ ಗೆರೆ ಯಾರ ಕಣ್ಣಿಗಾದರೂ ಕಾಣುವಂತಿತ್ತು. ಬರೆಯಲು ಬಂದವರು ಇಷ್ಟೆಲ್ಲ ಬೇಡ ಯಜಮಾನರೇ ಎಂದರು. ಅಪ್ಪ, "ನೀವು ಬರೆದುಕೊಂಡರೆ ನಿಮಗೂ ಒಳ್ಳೆಯದು, ನಾಳೆ ನಾನು ಇಲ್ಲದ್ದನ್ನು ಇತ್ತು ಅನ್ನೋಕೆ ಆಗೋದಿಲ್ಲ" ಎಂದರು. ಅದನ್ನು ಅವರು ಒಪ್ಪಿದರು. ನಾಲ್ಕು ಪುಟದ ಮಹಜರಿನ ಪ್ರತಿ ಪುಟಕ್ಕೂ ಎರಡೂ ಕಡೆಯವರ ಸಹಿ ಬಿತ್ತು.

ಇನ್ನು ಹಣ. ಬಳಕೆಯ ಹಕ್ಕು ಸರ್ಕಾರಕ್ಕೆ ಸೇರಿದ ಭೂಮಿಗೆ, ಮೊದಲ ಅಧಿಸೂಚನೆಯ ದಿನದ ಮಾರುಕಟ್ಟೆ ಮೌಲ್ಯದ ಶೇಕಡಾ 10ರಷ್ಟು ಪರಿಹಾರ ಎಂದು 10ನೆಯ ಕಲಮು ಹೇಳುತ್ತದೆ. ಬೆಳೆ ಮತ್ತು ಮರದ ನಷ್ಟ, ಜಮೀನು ತಾತ್ಕಾಲಿಕವಾಗಿ ತುಂಡಾದುದರ ನಷ್ಟ, ಇತರ ಆಸ್ತಿಗೆ ಅಥವಾ ಆದಾಯಕ್ಕೆ ಆದ ಹಾನಿ ಇವುಗಳಿಗೆ ಬೇರೆ ಪರಿಹಾರ. ನಮ್ಮ ಹೊಲದಲ್ಲಿ ಪಟ್ಟಿಯ ಉದ್ದ 186 ಮೀಟರ್, ಅಗಲ 20 ಮೀಟರ್. ಒಟ್ಟು 3,720 ಚದರ ಮೀಟರ್, ಅಂದರೆ ಸುಮಾರು 36 ಮುಕ್ಕಾಲು ಗುಂಟೆ. ಎಕರೆಗೆ 12 ಲಕ್ಷ ರೂಪಾಯಿ ಎಂದು ಹಿಡಿದರೆ ಆ ಪಟ್ಟಿಯ ಮೌಲ್ಯ ಸುಮಾರು 11 ಲಕ್ಷ, ಅದರ ಹತ್ತನೆಯ ಒಂದು ಪಾಲು 1 ಲಕ್ಷದ 10 ಸಾವಿರ. ಮನೆ ಕಟ್ಟಲಾಗದ, ಬಾವಿ ತೋಡಲಾಗದ, ಮರ ಬೆಳೆಸಲಾಗದ, ಎಂದೂ ಬಡಾವಣೆಯಾಗದ ನೆಲಕ್ಕೆ ಹತ್ತರಲ್ಲಿ ಒಂದು ಪಾಲು ಮಾತ್ರ ಕಡಿಮೆಯಾಗಿದೆ ಎಂದು ಕಾನೂನು ಭಾವಿಸುತ್ತದೆ. ಬರಿಯ ರಾಗಿ ಹೊಲಕ್ಕೆ ಇದು ಸಹನೀಯವಾದೀತು. ತೋಟಕ್ಕೆ, ಪಟ್ಟಣದ ಅಂಚಿನ ಜಮೀನಿಗೆ ಇದು ನ್ಯಾಯವಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ.

ಮಾರುಕಟ್ಟೆ ಮೌಲ್ಯ ಎಷ್ಟು ಎಂಬಲ್ಲಿ ಮಾತ್ರ ವಾದಕ್ಕೆ ಎಡೆಯಿದೆ, ಆ ಎಡೆಯಲ್ಲಿ ನಮ್ಮ ಊರು ತಾನೇ ತೋಡಿಕೊಂಡ ಗುಂಡಿಗೆ ಬಿತ್ತು. ಪ್ರಾಧಿಕಾರಿಗಳು ಅಕ್ಕಪಕ್ಕದ ಜಮೀನುಗಳ ನೋಂದಾಯಿತ ಕ್ರಯಪತ್ರಗಳನ್ನು ತರಿಸಿ ನೋಡಿದರು. ಮುದ್ರಾಂಕ ಶುಲ್ಕ ಉಳಿಸುವ ಸಲುವಾಗಿ ಎಲ್ಲರೂ ಉಪನೋಂದಣಿ ಕಚೇರಿಯಲ್ಲಿ ಸರ್ಕಾರ ಗೊತ್ತುಮಾಡಿದ ಕನಿಷ್ಠ ಬೆಲೆಯಾದ ಮಾರ್ಗಸೂಚಿ ದರವನ್ನೇ ಬರೆಸಿದ್ದರು. ಕೈಯಿಂದ ಕೈಗೆ ಹೋದ ನಿಜವಾದ ಬೆಲೆ ಯಾವ ಪತ್ರದಲ್ಲೂ ಇರಲಿಲ್ಲ. ಬ್ಯಾಂಕಿನ ಸಾಲ ಪಡೆದು ಕೊಂಡವರೊಬ್ಬರ ಒಂದೇ ಒಂದು ಕ್ರಯಪತ್ರದಲ್ಲಿ ಪೂರ್ತಿ ಬೆಲೆ ಇತ್ತು, ನಾವು ಅದನ್ನು ಹುಡುಕಿ ಹಾಜರುಪಡಿಸಿದೆವು. ಪ್ರಾಧಿಕಾರಿಗಳು ಅದನ್ನು ಒಪ್ಪಲಿಲ್ಲ. ನಿಗದಿಯಾದ ಮೊತ್ತ ಒಪ್ಪಿಗೆಯಾಗದಿದ್ದರೆ ಎರಡು ಕಡೆಯವರಲ್ಲಿ ಯಾರಾದರೂ ಜಿಲ್ಲಾ ನ್ಯಾಯಾಧೀಶರ ಮುಂದೆ ಹೋಗಬಹುದು. ಕೊಟ್ಟ ಹಣವನ್ನು ಆಕ್ಷೇಪಣೆಯೊಡನೆ ಸ್ವೀಕರಿಸಿದ್ದೇವೆ ಎಂದು ರಶೀದಿಯ ಮೇಲೆ ಬರೆದೇ ಸಹಿ ಮಾಡಿ, ನಾವು ಹೋದೆವು. ಅಲ್ಲಿ ಆ ಕ್ರಯಪತ್ರಕ್ಕೆ ಬೆಲೆ ಬಂತು. ಮೌಲ್ಯ ನಾವು ಕೇಳಿದಷ್ಟಲ್ಲದಿದ್ದರೂ ಮೊದಲಿನದಕ್ಕಿಂತ ಹೆಚ್ಚಾಯಿತು.

ಪಹಣಿಯ ಬಗ್ಗೆ ಒಂದು ಮಾತು. ತಾತನ ಹೆಸರಿನಲ್ಲೇ ಉಳಿದ ಖಾತೆ ಇಂಥ ಸಂದರ್ಭದಲ್ಲಿ ಎಲ್ಲಕ್ಕಿಂತ ಮೊದಲು ಕೈಕೊಡುತ್ತದೆ. ನಮ್ಮ ದೊಡ್ಡಪ್ಪನ ಮಕ್ಕಳು ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಮಾಡಿಸಿಕೊಂಡಿರಲಿಲ್ಲ. ಅವರ ಪರಿಹಾರ ಹದಿನಾಲ್ಕು ತಿಂಗಳು ತಡವಾಯಿತು. ಗೂಟ ಕಂಡ ದಿನವೇ ಅರ್ಜಿ ಹಾಕಿದ್ದರೆ ಸಾಕಾಗುತ್ತಿತ್ತು.

ಅಗೆತ ಶುರುವಾದದ್ದು ಸುಗ್ಗಿ ಮುಗಿದ ಮೇಲೆ. ಇದನ್ನೂ ನಾವು ಕೇಳಿಯೇ ಪಡೆದಿದ್ದೆವು. ಕೊಳವೆ ಹೂಳುವ ಕೆಲಸದಲ್ಲಿ ಭೂಮಿಗೆ ಆಗುವ ಹಾನಿಯಲ್ಲಿ ಹೆಚ್ಚಿನದು ಕಂದಕದಿಂದ ಆಗುವುದಿಲ್ಲ, ಮಣ್ಣು ತಲೆಕೆಳಗಾಗುವುದರಿಂದ ಮತ್ತು ಭಾರದ ಯಂತ್ರಗಳು ಓಡಾಡುವುದರಿಂದ ಆಗುತ್ತದೆ. ಎರಡು ಮೀಟರಿಗೂ ಮಿಗಿಲಾಗಿ ತೋಡಿದಾಗ ಕೆಳಗಿನ ಗರಸು, ಕಲ್ಲು ಎಲ್ಲ ಮೇಲೆ ಬರುತ್ತವೆ. ಒಂದೇ ರಾಶಿಯಲ್ಲಿ ಹಾಕಿ ಹಾಗೆಯೇ ತಿರುಗಿ ತುಂಬಿದರೆ, ತಲೆಮಾರುಗಳಿಂದ ಗೊಬ್ಬರ ಹೊಡೆದು ಕಟ್ಟಿದ ಒಂದು ಗೇಣು ಮೇಲ್ಮಣ್ಣು ಕೊಳವೆಯ ಪಕ್ಕಕ್ಕೆ ಹೋಗಿ, ಗರಸು ಮೇಲೆ ಉಳಿಯುತ್ತದೆ. ಆ ಜಾಗದಲ್ಲಿ ಬೀಜ ಮೊಳೆತರೂ ತೆನೆ ಕಟ್ಟುವುದಿಲ್ಲ. ಮೇಲ್ಮಣ್ಣನ್ನು ಬೇರೆ ರಾಶಿ ಮಾಡಿ, ಕೊನೆಗೆ ಅದನ್ನೇ ಮೇಲೆ ಹರಡಬೇಕೆಂದು ಮಹಜರಿನಲ್ಲಿ ಬರೆಸಿದ್ದೆವು. ಬರೆದರೂ ಜೆಸಿಬಿ ಓಡಿಸುವ ಹುಡುಗನಿಗೆ ಅದನ್ನು ಯಾರೂ ಹೇಳಿರಲಿಲ್ಲ. ಮೊದಲ ದಿನ ಬೆಳಿಗ್ಗೆ ಅಪ್ಪ ಮಹಜರಿನ ನಕಲು ಹಿಡಿದು ಅಲ್ಲೇ ನಿಂತಿದ್ದರಿಂದ ನಲವತ್ತು ಅಡಿಯಷ್ಟೇ ಕೆಟ್ಟು, ಉಳಿದದ್ದು ಸರಿಯಾಯಿತು. ಇಂದಿಗೂ ಆ ನಲವತ್ತು ಅಡಿಯಲ್ಲಿ ಪೈರು ಗೇಣು ಕುಳ್ಳು.

ಯಂತ್ರಗಳ ಓಡಾಟದಿಂದ ನೆಲ ಗಟ್ಟಿಯಾಗುವುದನ್ನು ನಾವು ಮೊದಲೇ ಊಹಿಸಿರಲಿಲ್ಲ. ಕಂದಕದ ಮೇಲಿನ ಜಾಗಕ್ಕಿಂತ, ಕ್ರೇನುಗಳು ಹೋಗಿ ಬಂದ ಪಕ್ಕದ ಜಾಗದಲ್ಲೇ ಮೊದಲ ವರ್ಷ ನೀರು ಇಂಗದೆ ನಿಂತು ಬೆಳೆ ಹಳದಿಯಾಯಿತು. ಎರಡು ಸಲ ಆಳವಾಗಿ ಉಕ್ಕೆ ಹೊಡೆಸಿ, ಕುರಿ ಮಂದೆ ನಿಲ್ಲಿಸಿ, ಹುರುಳಿ ಬಿತ್ತಿ ಮಣ್ಣಿಗೆ ಸೇರಿಸಿದ ಮೇಲೆ ಮೂರನೆಯ ವರ್ಷಕ್ಕೆ ಹದಕ್ಕೆ ಬಂತು. ಮುಂದೆ ಯಾರಾದರೂ ಮಾತುಕತೆಗೆ ಕೂರುವುದಾದರೆ, ಬೆಳೆ ಪರಿಹಾರವನ್ನು ಅಗೆದ ಒಂದು ಹಂಗಾಮಿಗೆ ಸೀಮಿತಗೊಳಿಸಲು ಬಿಡಬಾರದು. ಮುಂದಿನ ಎರಡು ಮೂರು ಹಂಗಾಮುಗಳ ಇಳುವರಿ ಕುಸಿತವನ್ನೂ ಸೇರಿಸಿ ಕೇಳಬೇಕು. ಆದಾಯಕ್ಕೆ ಬೇರಾವುದೇ ರೀತಿಯಲ್ಲಿ ಆದ ಹಾನಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಕಾಯ್ದೆಯೇ ಹೇಳುವುದರಿಂದ ಈ ಬೇಡಿಕೆಗೆ ಆಧಾರವಿದೆ. ನಾವು ತಡವಾಗಿ ಕೇಳಿ ಒಂದು ಹಂಗಾಮಿನದು ಮಾತ್ರ ಹೆಚ್ಚುವರಿಯಾಗಿ ಪಡೆದೆವು.

ಕಂದಕ ಮುಚ್ಚಿದ ವಾರದಲ್ಲೇ ಗುತ್ತಿಗೆದಾರರ ಕಡೆಯವರು ಒಂದು ಮುದ್ರಿತ ಹಾಳೆ ತಂದು, ಭೂಮಿಯನ್ನು ಮೊದಲಿನಂತೆ ಮಾಡಿಕೊಟ್ಟಿದ್ದಾರೆ, ನಮ್ಮ ತಕರಾರು ಏನೂ ಇಲ್ಲ ಎಂಬುದಕ್ಕೆ ಸಹಿ ಕೇಳಿದರು. ಊರಿನಲ್ಲಿ ಬಹಳ ಮಂದಿ ಅಂದೇ ಸಹಿ ಮಾಡಿಕೊಟ್ಟರು. ಬೇಸಿಗೆಯಲ್ಲಿ ತುಂಬಿದ ಕಂದಕ ನೋಡಲು ಸಮವಾಗಿಯೇ ಇರುತ್ತದೆ. ಒಂದು ಮುಂಗಾರು ಹೊಯ್ದ ಮೇಲೆ ಮಣ್ಣು ಕುಸಿದು ಉದ್ದಕ್ಕೂ ಕಾಲುವೆಯಂತೆ ತಗ್ಗು ಬೀಳುತ್ತದೆ, ಇಳಿಜಾರಿನ ಹೊಲದಲ್ಲಿ ಮಳೆನೀರೆಲ್ಲ ಆ ತಗ್ಗನ್ನೇ ಹಿಡಿದು ಹರಿದು ಕೊರಕಲು ಮಾಡುತ್ತದೆ. ಮಳೆಗಾಲ ಕಳೆಯಲಿ, ಆಮೇಲೆ ಸಹಿ ಮಾಡುತ್ತೇವೆ ಎಂದು ನಾವು ಹೇಳಿದೆವು. ಆ ಹಾಳೆ ಹಿಡಿದು ಅವರು ಐದು ಸಲ ಮನೆಗೆ ಬಂದರು, ಐದು ಸಲವೂ ಅಮ್ಮ ನೀರು ಕೊಟ್ಟು ಕೂರಿಸಿ, ಅಪ್ಪ ಅದೇ ಉತ್ತರ ಕೊಟ್ಟರು. ಆಶ್ವಯುಜದ ಹೊತ್ತಿಗೆ ನಮ್ಮ ಹೊಲದಲ್ಲೂ ಮೊಣಕಾಲಿನ ತಗ್ಗು ಬಿದ್ದಿತ್ತು. ಸಹಿ ಬಾಕಿ ಇದ್ದುದರಿಂದ ಹನ್ನೆರಡು ಟ್ರ್ಯಾಕ್ಟರ್ ಮಣ್ಣು ತಂದು ತುಂಬಿ, ಒಡೆದ ಕಲ್ಲಿನ ಬದುವನ್ನು ಕಟ್ಟಿಕೊಟ್ಟು, ಆಮೇಲೆ ಸಹಿ ಪಡೆದರು.

ಸುರಕ್ಷತೆಯ ವಿಷಯದಲ್ಲಿ ನಾವು ಕೇಳಿದ್ದು ಕಡಿಮೆ. 2014ರ ಜೂನ್ 27ರಂದು ಆಂಧ್ರಪ್ರದೇಶದ ಪೂರ್ವ ಗೋದಾವರಿ ಜಿಲ್ಲೆಯ ನಗರಂ ಗ್ರಾಮದಲ್ಲಿ ಅನಿಲ ಕೊಳವೆ ಸೋರಿ ಬೆಂಕಿ ಹತ್ತಿ ಇಪ್ಪತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡದ್ದು ನಮಗೆ ನೆನಪಿತ್ತು. ಮನೆಯ ಸಿಲಿಂಡರಿನ ಅನಿಲಕ್ಕೆ ಸೇರಿಸುವ ವಾಸನೆಯನ್ನು ದೂರ ಸಾಗಿಸುವ ಕೊಳವೆಗಳ ಅನಿಲಕ್ಕೆ ಸಾಮಾನ್ಯವಾಗಿ ಸೇರಿಸಿರುವುದಿಲ್ಲ ಎಂಬುದೂ ತಿಳಿಯಿತು. ಗುರುತಿನ ಕಂಬಗಳನ್ನು ಬದುವಿನ ಮೇಲೆ, ಉಳುಮೆಗೆ ಅಡ್ಡಬಾರದಂತೆ ನೆಡಬೇಕು, ಅವುಗಳ ಮೇಲೆ ತುರ್ತು ದೂರವಾಣಿ ಸಂಖ್ಯೆ ಕನ್ನಡದಲ್ಲೂ ಇರಬೇಕು, ಕಾವಲಿನವರು ಬರುವ ದಾರಿ ಬದುವಿನ ಪಕ್ಕದ್ದೇ ಆಗಿರಬೇಕು ಎಂದು ಕೇಳಿದೆವು, ಮೂರೂ ಆಯಿತು.

ಕೊಳವೆ ಹೂತ ಮೇಲೆ ಎಲ್ಲ ಮುಗಿಯಿತೆಂದು ಊರವರು ಕಾಗದಗಳನ್ನು ಅಟ್ಟಕ್ಕೆ ಹಾಕಿದರು. ಬಳಕೆಯ ಹಕ್ಕು ಪಹಣಿಯ 11ನೆಯ ಕಾಲಂ ಸೇರಿ, ಜಮೀನಿನ ಜೊತೆಯಲ್ಲೇ ಮಕ್ಕಳಿಗೆ, ಮೊಮ್ಮಕ್ಕಳಿಗೆ ಹೋಗುತ್ತದೆ. ಪರಿಶೀಲನೆಗೋ ದುರಸ್ತಿಗೋ ಅವರು ಮತ್ತೆ ಹೊಲಕ್ಕೆ ಇಳಿದರೆ, ಆಗ ಆಗುವ ಹಾನಿಗೂ ಅದೇ 10ನೆಯ ಕಲಮಿನಡಿ ಪರಿಹಾರ ಕೊಡಬೇಕು. ಅದನ್ನು ಕೇಳಲು ಹಳೆಯ ಮಹಜರು ಕೈಯಲ್ಲಿರಬೇಕು. ಕಳೆದ ಮಾಘದಲ್ಲಿ, ಈಗಿರುವ ಕೊಳವೆಯ ಪಕ್ಕದಲ್ಲೇ ಇನ್ನೊಂದನ್ನು ಹಾಕುವ ಸಲುವಾಗಿ ಬೇರೊಂದು ಸರ್ವೆ ತಂಡ ಬಂತು. ಅವರ ನಕ್ಷೆಯಲ್ಲಿ ಹಳೆಯ ಪಟ್ಟಿ ನಮ್ಮ ಹೊಂಡದ ಏರಿಯ ಮೇಲೆ ಬಿದ್ದಿತ್ತು. ಅಪ್ಪ ಟ್ರಂಕಿನಿಂದ ನಾಲ್ಕು ಪುಟದ ಮಹಜರನ್ನೂ, ಅದಕ್ಕೆ ಲಗತ್ತಿಸಿದ್ದ ನಕ್ಷೆಯನ್ನೂ ತಂದು ಬದುವಿನ ಮೇಲೆ ಹರಡಿದರು. ಮೂಲೆಯ ಸರ್ವೆ ಕಲ್ಲಿನಿಂದ ಅವರು ಮತ್ತೆ ಟೇಪು ಹಿಡಿದು ಅಳೆದರು, ಗೂಟವನ್ನು ಕಿತ್ತು ಹನ್ನೆರಡು ಮೀಟರ್ ಆಚೆಗೆ ನೆಟ್ಟರು.